ಇಂದಿನ ಧಮ್ಮ ಚಿಂತನೆ: ಮಗುವಿನ ಬಾಯಲ್ಲಿನ ಕಲ್ಲು

 

ಇಂದು ಚಿಂತನೆ ಬರೆಯುವ ಸರದಿ ನನ್ನದು. ವಿಷಯ ಬೆಳಗಿನ ಕಾಫಿಯ ಜೊತೆ ಓದುವಂಥದ್ದಲ್ಲ, ಕ್ಷಮೆಯಿರಲಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೋ ನಮ್ಮ ಫೋನಿಗೆ ಬಂದು ಬಿದ್ದರೆ ನಾವು ಏನು ಮಾಡಬೇಕು ಎಂಬುದು ಇಂದಿನ ಪ್ರಶ್ನೆ. ಯಾವ ದೃಶ್ಯವನ್ನೂ ನಾನು ವಿವರಿಸುವುದಿಲ್ಲ. ಹೆದರದೆ ಓದಿ. ಇದು ಉಪದೇಶವಲ್ಲ, ನನ್ನದೊಂದು ತಪ್ಪೊಪ್ಪಿಗೆ.

*ರಾಜಕುಮಾರನ ತೊಡೆಯ ಮೇಲಿನ ಮಗು*

ಮಜ್ಝಿಮ ನಿಕಾಯದ ಅಭಯರಾಜಕುಮಾರ ಸುತ್ತವನ್ನು ನಾವು ಓದಿದ್ದೇವೆ. ಬುದ್ಧರನ್ನು ಮಾತಿನಲ್ಲಿ ಸಿಕ್ಕಿಸಬೇಕೆಂದು ಅಭಯ ಅವರನ್ನು ಊಟಕ್ಕೆ ಕರೆಯುತ್ತಾನೆ. 'ಇತರರಿಗೆ ಅಪ್ರಿಯವಾಗುವ ಮಾತನ್ನು ತಥಾಗತರು ಆಡುತ್ತಾರೆಯೇ' ಎಂಬುದು ಅವನು ಹೂಡಿದ ಪ್ರಶ್ನೆ. ಹೌದೆಂದರೂ ಸಿಕ್ಕಿಬೀಳಬೇಕು, ಇಲ್ಲವೆಂದರೂ ಸಿಕ್ಕಿಬೀಳಬೇಕು. ಆಗ ಅವನ ತೊಡೆಯ ಮೇಲೆ ಒಂದು ಪುಟ್ಟ ಮಗು ಮಲಗಿತ್ತು. ಬುದ್ಧರು ಆ ಮಗುವನ್ನೇ ತೋರಿಸಿ ಕೇಳುತ್ತಾರೆ: ನಿನ್ನ ಅಥವಾ ದಾದಿಯ ಅಜಾಗರೂಕತೆಯಿಂದ ಈ ಮಗು ಬಾಯಿಗೆ ಕಡ್ಡಿಯನ್ನೋ ಕಲ್ಲನ್ನೋ ಹಾಕಿಕೊಂಡರೆ ಏನು ಮಾಡುತ್ತೀಯೆ? ತೆಗೆಯುತ್ತೇನೆ ಎನ್ನುತ್ತಾನೆ ಅಭಯ. ಸುಲಭವಾಗಿ ಬರದಿದ್ದರೆ ಎಡಗೈಯಲ್ಲಿ ತಲೆ ಹಿಡಿದು, ಬಲಗೈ ಬೆರಳು ಬಾಗಿಸಿ, ರಕ್ತ ಬಂದರೂ ಸರಿ, ತೆಗೆಯುತ್ತೇನೆ; ಮಗುವಿನ ಮೇಲೆ ನನಗೆ ಅನುಕಂಪವಿದೆ ಎನ್ನುತ್ತಾನೆ.

ಮಾತು ಕೂಡ ಹಾಗೆಯೇ ಎಂದು ಬುದ್ಧರು ವಿವರಿಸುತ್ತಾರೆ. ಮಾತು ಸತ್ಯವೇ, ಹಿತವೇ, ಪ್ರಿಯವೇ ಅಪ್ರಿಯವೇ ಎಂದು ವಿಂಗಡಿಸುತ್ತಾ ಹೋಗುತ್ತಾರೆ. ಸತ್ಯವಾಗಿದ್ದರೂ ಹಿತವಲ್ಲದ ಮಾತನ್ನು ತಥಾಗತರು ಆಡುವುದಿಲ್ಲ. ಸತ್ಯವೂ ಹಿತವೂ ಆದದ್ದನ್ನು, ಅಪ್ರಿಯವಾದರೂ, ಕಾಲವರಿತು ಆಡುತ್ತಾರೆ.

ಈ ಸುತ್ತವನ್ನು ನಮ್ಮ ವೃತ್ತದಲ್ಲಿ ಒಮ್ಮೆ ಓದಿ ವಿವರಿಸಿದವನೇ ನಾನು. ಮುಂದೆ ಹೇಳುವುದು ಅದಾದ ಮೇಲೆ ನಡೆದದ್ದು.

*ನನ್ನ ಎರಡು ದಿನ*

ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ 46 ಜನ ಇದ್ದೇವೆ. ಮದುವೆ ಫೋಟೋ, ಹುಟ್ಟುಹಬ್ಬದ ಶುಭಾಶಯ, ಊರಿನ ಜಾತ್ರೆಯ ಸುದ್ದಿ ಬರುವ ಗ್ರೂಪು. ಒಂದು ರಾತ್ರಿ ಅದಕ್ಕೆ ಒಂದು ವಿಡಿಯೋ ಬಂತು. ಮೇಲೆ ದೊಡ್ಡ ಅಕ್ಷರದಲ್ಲಿ, ಈ ಪಾಪಿ ಸಿಕ್ಕಿಬೀಳುವವರೆಗೂ ಎಲ್ಲರಿಗೂ ಕಳಿಸಿ ಎಂದಿತ್ತು. ಕಳಿಸಿದವರು ನನ್ನ ಚಿಕ್ಕಪ್ಪ. ವಯಸ್ಸು ಎಪ್ಪತ್ತು ದಾಟಿದೆ. ಬೆಳಗಿನ ವಾಕಿಂಗ್ ಗೆಳೆಯರ ಗ್ರೂಪಿನಿಂದ ಅವರಿಗೆ ಬಂದದ್ದನ್ನು ಇಲ್ಲಿಗೆ ಫಾರ್ವರ್ಡ್ ಮಾಡಿದ್ದರು.

ಏನೆಂದು ತಿಳಿಯದೆ ಒತ್ತಿದೆ. ಎರಡು ಮೂರು ಸೆಕೆಂಡಿಗೆ ತಿಳಿಯಿತು. ಮುಚ್ಚಿದೆ. ಕೈ ನಡುಗುತ್ತಿತ್ತು. ಫೋನಿನಿಂದ ಅಳಿಸಿ, ಮುಖ ತೊಳೆದು, ಬುದ್ಧರ ಚಿತ್ರದ ಮುಂದೆ ಕೂತು ಮೈತ್ರಿ ಭಾವನೆ ಮಾಡಿದೆ. ಮನಸ್ಸು ತಿಳಿಯಾಯಿತು. ಮಲಗಿದೆ. ನನ್ನ ಪಾಲಿನ ಕರ್ತವ್ಯ ಮುಗಿಯಿತು ಅಂದುಕೊಂಡೆ.

ಗ್ರೂಪಿನಲ್ಲಿ ಮೂವರು ಕೋಪದ ಮುಖ ಹಾಕಿದ್ದರು. ಒಬ್ಬರು, ಇಂಥವರನ್ನು ನಡುರಸ್ತೆಯಲ್ಲಿ ಗಲ್ಲಿಗೇರಿಸಬೇಕು ಎಂದು ಬರೆದಿದ್ದರು. ಉಳಿದವರೆಲ್ಲ ನನ್ನ ಹಾಗೆಯೇ ಮೌನ.

ಎರಡು ದಿನ ಹಾಗೇ ಕಳೆಯಿತು. ಮೂರನೆಯ ಬೆಳಿಗ್ಗೆ ಧ್ಯಾನಕ್ಕೆ ಕೂತಾಗ ಅಭಯನ ತೊಡೆಯ ಮಗು ನೆನಪಾಯಿತು. ಮಗುವಿನ ಬಾಯಲ್ಲಿ ಕಲ್ಲು ಇದ್ದದ್ದನ್ನು ಕಂಡು ನಾನು ನನ್ನ ಕೈ ತೊಳೆದುಕೊಂಡು ಬಂದಿದ್ದೆ. ಕಲ್ಲು ಅಲ್ಲೇ ಇತ್ತು.

*ಆ ಮೌನಕ್ಕೆ ಏನೆಂದು ಹೆಸರು?*

ನನ್ನ ಮೌನವನ್ನು ಉಪೇಕ್ಷೆ ಎಂದು ನಾನು ಕರೆದುಕೊಂಡಿದ್ದೆ. ಪ್ರತಿಯೊಂದು ಬ್ರಹ್ಮವಿಹಾರಕ್ಕೂ ಅದರಂತೆಯೇ ಕಾಣುವ ಹತ್ತಿರದ ಶತ್ರು ಒಂದಿದೆ ಎಂದು ಆಚಾರ್ಯ ಬುದ್ಧಘೋಷರು ವಿಸುದ್ಧಿಮಗ್ಗದಲ್ಲಿ ಹೇಳುತ್ತಾರೆ. ಉಪೇಕ್ಷೆಯ ಹತ್ತಿರದ ಶತ್ರು ಅಜ್ಞಾನದಿಂದ ಹುಟ್ಟಿದ ಉದಾಸೀನ. ಹೊರಗಿನಿಂದ ನೋಡಿದರೆ ಎರಡೂ ಶಾಂತವಾಗಿಯೇ ಇರುತ್ತವೆ. ಒಂದು, ಮಾಡಬೇಕಾದದ್ದನ್ನು ಮಾಡಿ ಫಲವನ್ನು ಬಿಟ್ಟುಕೊಡುತ್ತದೆ. ಇನ್ನೊಂದು, ಮಾಡಬೇಕಾದದ್ದನ್ನೇ ಬಿಟ್ಟುಬಿಡುತ್ತದೆ.

ಇನ್ನಷ್ಟು ಕೆದಕಿದಾಗ ಉದಾಸೀನದ ಕೆಳಗೆ ನಾಚಿಕೆ ಸಿಕ್ಕಿತು. ಇಂಥ ವಿಡಿಯೋ ನನ್ನ ಫೋನಿನಲ್ಲಿತ್ತು ಎಂದು ಹೇಗೆ ಹೇಳಲಿ? ಪೊಲೀಸರು ನನ್ನನ್ನೇ ಅನುಮಾನಿಸಿದರೆ? ಮಗಳಿಗೆ ಗೊತ್ತಾದರೆ? ಹಿರಿ ಮತ್ತು ಒತ್ತಪ್ಪ, ಅಂದರೆ ಪಾಪಕ್ಕೆ ನಾಚುವುದು ಮತ್ತು ಪಾಪಕ್ಕೆ ಅಂಜುವುದು, ಲೋಕವನ್ನು ಕಾಯುವ ಎರಡು ಗುಣಗಳು ಎನ್ನುತ್ತೇವೆ. ನನ್ನಲ್ಲಿ ಇದ್ದದ್ದು ಅವಲ್ಲ. ನಾನು ಅಂಜಿದ್ದು ಜನರಿಗೆ. ಆ ಅಂಜಿಕೆ ಕಾಯುತ್ತಿದ್ದದ್ದು ನನ್ನ ಮಾನವನ್ನು ಮಾತ್ರ, ಮಗುವನ್ನಲ್ಲ.

ಇವೆರಡರ ಕೆಳಗೆ ಇದ್ದ ಮೂರನೆಯದೇ ಗಟ್ಟಿಯಾದದ್ದು: ಚಿಕ್ಕಪ್ಪ. ದೂರು ಕೊಟ್ಟರೆ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವರ ನಂಬರನ್ನು ನಾನೇ ಬರೆದುಕೊಡಬೇಕಾಗುತ್ತದೆ.

*ಕೋಪದಿಂದ ಕಳಿಸಿದರೆ ತಪ್ಪೇನು?*

ಚಿಕ್ಕಪ್ಪನ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಕರ್ಮವೆಂದರೆ ಚೇತನಾ, ಉದ್ದೇಶವೇ ಮುಖ್ಯ ಎಂದು ನಾವು ಕಲಿತಿದ್ದೇವೆ. ಹಾಗಾದರೆ ಒಳ್ಳೆಯ ಉದ್ದೇಶದಿಂದ ಕಳಿಸಿದ್ದರಲ್ಲಿ ತಪ್ಪೇನು ಎಂದು ನಮ್ಮಲ್ಲಿ ಕೆಲವರು ಕೇಳಬಹುದು.

2018ನೇ ಇಸವಿಯನ್ನು ನೆನಪಿಸಿಕೊಳ್ಳಿ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೋಗಳು ದೇಶದ ತುಂಬ ಹರಿದಾಡಿದವು. ಅವುಗಳಲ್ಲಿ ಒಂದು, ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಮಾಡಿದ ಜಾಗೃತಿ ವಿಡಿಯೋ. ಕೊನೆಯ ಭಾಗವನ್ನು ಕತ್ತರಿಸಿದ್ದರು. ಕಳಿಸಿದವರೆಲ್ಲ ಮಕ್ಕಳ ಮೇಲಿನ ಕಾಳಜಿಯಿಂದಲೇ ಕಳಿಸಿದರು. ಅದೇ ವರ್ಷ ಜುಲೈಯಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರ ಗುಂಪನ್ನು ಮಕ್ಕಳ ಕಳ್ಳರೆಂದು ಭಾವಿಸಿ ಜನ ಹೊಡೆದರು. ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಸತ್ತರು. ಆ ತಿಂಗಳೇ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿ ತಂದಿತು.

ಉದ್ದೇಶ ಒಳ್ಳೆಯದಾಗಿದ್ದರೂ ಜೊತೆಗೆ ಸತಿ ಇಲ್ಲದಿದ್ದರೆ, ಪ್ರಜ್ಞೆ ಇಲ್ಲದಿದ್ದರೆ ಹೀಗಾಗುತ್ತದೆ. ಅಲ್ಲಿ ವಿಡಿಯೋ ಸುಳ್ಳು ಹೇಳುತ್ತಿತ್ತು. ನಮ್ಮ ಪ್ರಕರಣದಲ್ಲಿ ವಿಡಿಯೋ ನಿಜ. ಆದರೆ ಬುದ್ಧರ ವಿಂಗಡಣೆಯಲ್ಲಿ ನಿಜವಾದದ್ದು ಇನ್ನೊಂದು ಪರೀಕ್ಷೆ ದಾಟಬೇಕು: ಅದು ಹಿತವೇ? ಆ ಮಗುವಿನ ಕಡೆಯಿಂದ ನೋಡಿ. ಯಾರಿಗೂ ಕಾಣಬಾರದೆಂದು ಅದು ಬಯಸುವ ಗಳಿಗೆಯನ್ನು ನಮ್ಮ 46 ಜನ ನೋಡಿದರು. ವಾಕಿಂಗ್ ಗ್ರೂಪಿನವರು ನೋಡಿದರು. ಅವರ ಮಕ್ಕಳ, ಮೊಮ್ಮಕ್ಕಳ ಕೈಯಲ್ಲಿದ್ದ ಫೋನುಗಳಲ್ಲಿ ಅದು ತಾನಾಗಿ ಡೌನ್‌ಲೋಡ್ ಆಯಿತು. ಆ ಮಗು ನಾಳೆ ದೊಡ್ಡದಾಗಿ ಬಸ್ಸಿನಲ್ಲಿ ಕೂತಾಗ, ಎದುರು ಕೂತವರು ನನ್ನನ್ನು ನೋಡಿದ್ದಾರೆಯೇ ಎಂದು ಅಂಜಬೇಕು. ಒಂದೊಂದು ಫಾರ್ವರ್ಡೂ ಆ ಅಂಜಿಕೆಯನ್ನು ಬೆಳೆಸುತ್ತದೆ.

ಹೆಸರಿನಲ್ಲೂ ಸಮ್ಯಕ್ ವಾಚಾ ಬೇಕು. 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್, ಇದನ್ನು 'ಮಕ್ಕಳ ಅಶ್ಲೀಲ ಚಿತ್ರ' ಎಂಬರ್ಥದ ಪದದಿಂದ ಕರೆಯುವುದನ್ನು ನ್ಯಾಯಾಲಯಗಳು ಬಿಡಬೇಕು, ಮಕ್ಕಳ ಲೈಂಗಿಕ ಶೋಷಣೆ ಮತ್ತು ದೌರ್ಜನ್ಯದ ಸಾಮಗ್ರಿ ಎನ್ನಬೇಕು ಎಂದು ಹೇಳಿತು. ಅಶ್ಲೀಲ ಎಂದಾಗ ನಮ್ಮ ಮನಸ್ಸು ನೋಡುವವನ ಚಪಲದ ಕಡೆ ಹೋಗುತ್ತದೆ. ದೌರ್ಜನ್ಯ ಎಂದಾಗ ಮಗುವಿನ ಕಡೆ ಹೋಗುತ್ತದೆ. ಅದು ಚಿತ್ರವಲ್ಲ, ಅಪರಾಧದ ಪುರಾವೆ. ಪುರಾವೆಯನ್ನು ಊರಿಗೆ ಹಂಚುವುದಿಲ್ಲ.

*ಸರಿಯಾದ ವಿಳಾಸ*

ನಾನು ಅಂಚೆ ಇಲಾಖೆಯಲ್ಲಿ ಇದ್ದವನು. ಪತ್ರದಲ್ಲಿ ಎಂಥ ದೊಡ್ಡ ಸುದ್ದಿ ಇದ್ದರೂ ವಿಳಾಸ ತಪ್ಪಿದರೆ ಅದು ಬರೀ ಕಾಗದ ಎಂದು ನನಗೆ ಗೊತ್ತು. ಚಿಕ್ಕಪ್ಪ ಕಳಿಸಿದ ವಿಳಾಸ ತಪ್ಪಾಗಿತ್ತು. ನಾನು ಕಳಿಸಲೇ ಇಲ್ಲ. ತಪ್ಪು ಇಬ್ಬರದೂ.

ಸರಿಯಾದ ವಿಳಾಸಕ್ಕೆ ಕಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಇದೆ. 2015ರಲ್ಲಿ ಮಹಿಳೆಯರ ಮೇಲಿನ ಸಾಮೂಹಿಕ ಅತ್ಯಾಚಾರದ ವಿಡಿಯೋಗಳು ವಾಟ್ಸಾಪಿನಲ್ಲಿ ಹರಿದಾಡುತ್ತಿದ್ದವು. ಹೈದರಾಬಾದಿನ ಪ್ರಜ್ವಲಾ ಸಂಸ್ಥೆಯ ಸುನೀತಾ ಕೃಷ್ಣನ್ ಅವುಗಳನ್ನು ಪೆನ್ ಡ್ರೈವಿನಲ್ಲಿ ಹಾಕಿ, ಒಂದು ಪತ್ರದ ಜೊತೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಕಳಿಸಿದರು. ಆಗ ಆ ಸ್ಥಾನದಲ್ಲಿದ್ದವರು ನಮ್ಮ ಚಿಕ್ಕಮಗಳೂರು ಜಿಲ್ಲೆಯವರಾದ ಎಚ್.ಎಲ್. ದತ್ತು. ಕೋರ್ಟು ಆ ಪತ್ರವನ್ನೇ ಪ್ರಕರಣವಾಗಿ ಕೈಗೆತ್ತಿಕೊಂಡಿತು. ಇಂದು ನಾವು ದೂರು ಕೊಡಬಹುದಾದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ರೂಪುಗೊಂಡದ್ದರ ಹಿಂದೆ ಆ ಪ್ರಕರಣವಿದೆ. ಅವೇ ವಿಡಿಯೋಗಳನ್ನು ಎಷ್ಟೋ ಜನ ಒಬ್ಬರಿಂದ ಒಬ್ಬರಿಗೆ ದಾಟಿಸಿದ್ದರು. ಒಂದು ಪತ್ರ ಸರಿಯಾದ ಬಾಗಿಲಿಗೆ ಹೋಯಿತು.

ಆ ಪೋರ್ಟಲಿನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ಅಪರಾಧಗಳಿಗೆ ಬೇರೆಯದೇ ವಿಭಾಗವಿದೆ. ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಹತ್ತಿರದ ಪೊಲೀಸ್ ಠಾಣೆಗೂ ಹೋಗಬಹುದು. ಮಗು ಈಗಲೇ ಅಪಾಯದಲ್ಲಿದೆ ಎನಿಸಿದರೆ 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಇಂಥ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸುವುದು ಕರ್ತವ್ಯ. ಸದ್ಭಾವನೆಯಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರುವುದಿಲ್ಲ ಎಂದು ಅದೇ ಕಲಂ ಹೇಳುತ್ತದೆ. ನನ್ನ ಎರಡು ದಿನದ ಅಂಜಿಕೆಗೆ ಕಾನೂನು ಮೊದಲೇ ಉತ್ತರ ಬರೆದಿಟ್ಟಿತ್ತು. ನಾನು ಓದಿರಲಿಲ್ಲ.

ಹೊರದೇಶಗಳಲ್ಲಿ ಇದಕ್ಕೆಂದೇ ಹಾಟ್‌ಲೈನ್‌ಗಳಿವೆ. ಬ್ರಿಟನ್ನಿನ ಇಂಟರ್ನೆಟ್ ವಾಚ್ ಫೌಂಡೇಶನ್ 1996ರಲ್ಲಿ ಶುರುವಾಯಿತು. ಇಂಥ ಹಾಟ್‌ಲೈನ್‌ಗಳನ್ನು ಬೆಸೆಯುವ ಇನ್‌ಹೋಪ್ ಎಂಬ ಜಾಲ 1999ರಿಂದ ಇದೆ. ಅಮೆರಿಕದ ಕೇಂದ್ರವೊಂದಕ್ಕೆ 2023ರಲ್ಲಿ 3 ಕೋಟಿ 60 ಲಕ್ಷಕ್ಕೂ ಹೆಚ್ಚು ವರದಿಗಳು ಬಂದವು, ಬಹುಪಾಲು ಇಂಟರ್ನೆಟ್ ಕಂಪನಿಗಳಿಂದ. ಭಾರತಕ್ಕೆ ಸಂಬಂಧಿಸಿದ ವರದಿಗಳು ಅಲ್ಲಿಂದ ಇಲ್ಲಿಗೆ ಬರಲು 2019ರಲ್ಲಿ ಒಪ್ಪಂದವಾಗಿದೆ.

ಈ ಹಾಟ್‌ಲೈನ್‌ಗಳಲ್ಲಿ ದಿನವೂ ಆ ಚಿತ್ರಗಳನ್ನು ನೋಡಿ ಪರೀಕ್ಷಿಸುವವರು ಇದ್ದಾರೆ. ನಾನು ಮೂರು ಸೆಕೆಂಡು ನೋಡಿ ನಡುಗಿದೆ. ಅವರು ನೋಡುವುದೇ ಕೆಲಸವಾಗಿ ನೋಡುತ್ತಾರೆ, ಬೇರೆಯವರು ನೋಡದಿರಲಿ ಎಂದು. ಅವರು ಒಂದು ಚಿತ್ರವನ್ನು ದೃಢಪಡಿಸಿದರೆ ಅದರಿಂದ ಬೆರಳಚ್ಚಿನಂಥ ಒಂದು ಗುರುತು ತಯಾರಾಗುತ್ತದೆ. ಆ ಗುರುತಿನ ಪಟ್ಟಿ ಇಟ್ಟುಕೊಂಡ ಕಂಪನಿಗಳು ಅದೇ ಚಿತ್ರ ಮತ್ತೆ ಬಂದಾಗ ಯಂತ್ರದಿಂದಲೇ ಗುರುತಿಸಿ ತಡೆಯಬಹುದು. ಒಬ್ಬರು ಕೊಟ್ಟ ಒಂದು ದೂರಿನಿಂದ ನೂರಾರು ಪ್ರತಿಗಳು ನಿಲ್ಲಬಹುದು. ಒಂದು ಫಾರ್ವರ್ಡಿನಿಂದ ನೂರಾರು ಪ್ರತಿಗಳು ಹುಟ್ಟಬಹುದು. ಪ್ರತೀತ್ಯ ಸಮುತ್ಪಾದ ಎರಡೂ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ.

ಆದರೆ ವಾಟ್ಸಾಪ್ ಗ್ರೂಪಿನ ಸಂದೇಶಗಳು ಕಳಿಸಿದವರಿಗೂ ಪಡೆದವರಿಗೂ ಬಿಟ್ಟರೆ ಕಾಣುವುದಿಲ್ಲ. ಕಂಪನಿಗೂ ಕಾಣುವುದಿಲ್ಲ. ಪಡೆದವರಲ್ಲಿ ಒಬ್ಬರು 'ರಿಪೋರ್ಟ್' ಒತ್ತಿದಾಗ ಮಾತ್ರ ಕೊನೆಯ ಕೆಲವು ಸಂದೇಶಗಳು ಕಂಪನಿಯ ಕಣ್ಣಿಗೆ ಬೀಳುತ್ತವೆ. ನಮ್ಮ ಮನೆತನದ ಗ್ರೂಪಿನಲ್ಲಿ ಆ ಮಗುವಿಗೆ ಇದ್ದ ಕಾವಲು ನಾವು 46 ಜನ ಮಾತ್ರ.

*ಚಿಕ್ಕಪ್ಪನ ಜೊತೆ*

ಮೂರನೆಯ ದಿನ ಮಧ್ಯಾಹ್ನ ಪೋರ್ಟಲಿನಲ್ಲಿ ದೂರು ಬರೆದೆ. ಯಾವಾಗ ಬಂತು, ಯಾವ ಗ್ರೂಪು, ಯಾವ ನಂಬರು, ಮೇಲೆ ಏನೆಂದು ಬರೆದಿತ್ತು, ಎಲ್ಲ ಹಾಕಿದೆ. ಚಿಕ್ಕಪ್ಪನ ನಂಬರು ಬರೆಯುವಾಗ ಬೆರಳು ನಿಂತಿತು. ಬರೆದೆ. ಬೆನ್ನ ಹಿಂದೆ ಮಾಡಿದಂತೆ ಆಗಬಾರದೆಂದು ಅವರಿಗೆ ಫೋನ್ ಮಾಡಿದೆ.

"ಚಿಕ್ಕಪ್ಪ, ಮೊನ್ನೆ ಗ್ರೂಪಿಗೆ ಹಾಕಿದ್ರಲ್ಲ ಆ ವಿಡಿಯೋ, ಅದನ್ನ ಯಾರಿಗೂ ಕಳಿಸಬೇಡಿ."

"ಯಾಕೋ? ಆ ನೀಚನ್ನ ಹಿಡೀಲಿ ಅಂತ ತಾನೇ ಕಳಿಸಿದ್ದು?"

"ಹಿಡಿಯೋರು ನಮ್ಮ ಗ್ರೂಪಲ್ಲಿ ಯಾರಿದ್ದಾರೆ ಚಿಕ್ಕಪ್ಪ? ಹಿಡಿಯೋರಿಗೆ ನಾನು ಬರೆದಿದ್ದೀನಿ. ಎಲ್ಲಿಂದ ಬಂತು ಅನ್ನೋ ಕಡೆ ನಿಮ್ಮ ನಂಬರ್ ಹಾಕಿದ್ದೀನಿ. ನಿಮಗೆ ಕಳಿಸಿದವರು ಯಾರು ಅಂತ ಕೇಳಿದ್ರೆ ಹೇಳಿ, ಆಗ ದಾರಿ ಹಿಂದಕ್ಕೆ ಹೋಗುತ್ತೆ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನನ್ನ ಮೇಲೇ ದೂರು ಕೊಟ್ಟೆಯೇನೋ? ನಿನ್ನ ಎತ್ತಿ ಆಡಿಸಿದವನು ಕಣೋ ನಾನು" ಅಂದರು. ಫೋನ್ ಇಟ್ಟರು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಚಿಕ್ಕಪ್ಪ ತಿಳಿಯದೆ ಕಳಿಸಿದವರು ಎಂದು ನನಗೆ ಗೊತ್ತಿದ್ದರಿಂದ ಹೇಳಿದೆ. ಕಳಿಸಿದವನ ಮೇಲೇ ಅನುಮಾನವಿದ್ದರೆ ಅವನಿಗೆ ಸುಳಿವು ಕೊಡಬಾರದು. ನೇರವಾಗಿ ಪೊಲೀಸರಿಗೆ ತಿಳಿಸಬೇಕು. ಹಾಗೆ ತಿಳಿಸುವುದು ಅವನ ಮೇಲಿನ ದ್ವೇಷವೂ ಅಲ್ಲ. ಇನ್ನಷ್ಟು ಅಕುಶಲ ಮಾಡದಂತೆ ಒಬ್ಬನ ಕೈ ತಡೆಯುವುದು ಅವನ ಮೇಲೂ ಕರುಣೆಯೇ.

ಆಮೇಲೆ ಚಿಕ್ಕಪ್ಪ ಮೂರು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಮಗುವಿನ ಬಾಯಿಂದ ಕಲ್ಲು ತೆಗೆಯುವಾಗ ರಕ್ತ ಬಂದರೂ ಸರಿ ಎಂದ ಅಭಯನ ಮಾತು ಓದುವಾಗ ಸುಲಭವಾಗಿತ್ತು. ಆ ರಕ್ತ ಎಲ್ಲಿಂದ ಬರುತ್ತದೆ ಎಂದು ಈಗ ಸ್ವಲ್ಪ ತಿಳಿಯಿತು.

*ಉತ್ತರ ಬಾರದ ಪತ್ರ*

ಹೆಸರಿಲ್ಲದೆ ಕೊಟ್ಟ ದೂರಿಗೆ ಮುಂದೆ ಏನಾಯಿತು ಎಂದು ತಿಳಿಯುವ ದಾರಿ ಇಲ್ಲ. ನನಗೂ ಏನೂ ತಿಳಿದಿಲ್ಲ. ಮಗು ಯಾವ ಊರಿನದು, ಈಗ ಎಲ್ಲಿದೆ, ಆ ಮನುಷ್ಯ ಸಿಕ್ಕನೇ, ಗೊತ್ತಿಲ್ಲ. ನಾನು ಎರಡು ದಿನ ಮೊದಲೇ ಬರೆದಿದ್ದರೆ ಏನಾದರೂ ಬೇರೆಯಾಗುತ್ತಿತ್ತೇ? ಅದೂ ಗೊತ್ತಿಲ್ಲ. ಗೊತ್ತಾಗದಿರುವುದನ್ನು ಹೊತ್ತುಕೊಂಡು ಹೋಗುವುದೂ ಈ ಕೆಲಸದ ಒಂದು ಭಾಗ. ಉಪೇಕ್ಷೆಗೆ ಜಾಗ ಇರುವುದು ಇಲ್ಲಿ, ದೂರು ಕೊಟ್ಟ ಮೇಲೆ. ನಾನು ಅದನ್ನು ಮೊದಲೇ ತಂದು ಕೂರಿಸಿದ್ದೆ.

ಕಳೆದ ತಿಂಗಳು ನೆಂಟರ ಮನೆಯ ಗೃಹಪ್ರವೇಶದಲ್ಲಿ ಊಟದ ಪಂಕ್ತಿಯಲ್ಲಿ ಚಿಕ್ಕಪ್ಪ ಬಂದು ನನ್ನ ಪಕ್ಕದಲ್ಲೇ ಕೂತರು. ಅನ್ನ ಬಡಿಸಿ ಹೋದ ಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: "ಆ ಮಗು ಏನಾಯ್ತೋ? ಏನಾದ್ರೂ ತಿಳೀತಾ?"

"ಇಲ್ಲ ಚಿಕ್ಕಪ್ಪ."

ಅವರು ತಲೆ ಆಡಿಸಿದರು. ಇಬ್ಬರೂ ಸುಮ್ಮನೆ ಉಂಡೆವು. ಆ ರಾತ್ರಿಯಿಂದ ನಮ್ಮ ಗ್ರೂಪಿನಲ್ಲಿ ಎಲ್ಲರೂ ಮಾತಾಡಿದ್ದು ಆ ಪಾಪಿಯ ಬಗ್ಗೆ. ಮಗುವಿನ ಬಗ್ಗೆ ಕೇಳಿದ ಮೊದಲಿಗರು ನನ್ನ ಚಿಕ್ಕಪ್ಪ.

*ಇಂದಿನ ಅಭ್ಯಾಸ*

ಬುದ್ಧರು ರಾಹುಲನಿಗೆ ಕನ್ನಡಿಯ ಉದಾಹರಣೆ ಕೊಟ್ಟು ಕಲಿಸಿದ್ದು ನೆನಪಿದೆಯಲ್ಲವೇ? ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ, ಮೂರು ಸಲ ನೋಡಿಕೊ. ತಪ್ಪಾಗಿದ್ದರೆ ಗುರುಗಳ ಮುಂದೆಯೋ ತಿಳಿದ ಸಂಗಾತಿಗಳ ಮುಂದೆಯೋ ಹೇಳಿಕೊ, ಮುಂದೆ ಸಂಯಮದಿಂದಿರು. ಆ ಪಾಠ ಹೇಳಿದಾಗ ರಾಹುಲನೂ ಮಗುವೇ.

ಮೊದಲು: ಇಂದೇ ಫೋನಿನಲ್ಲಿ ವಿಡಿಯೋಗಳು ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಮನೆಯ ಹಿರಿಯರ ಫೋನಿನಲ್ಲೂ ನಿಲ್ಲಿಸಿಕೊಡಿ.

ಬಂದಾಗ: ಪೂರ್ತಿ ನೋಡಬೇಡಿ. ಯಾರಿಗೂ ಕಳಿಸಬೇಡಿ, ಎಚ್ಚರಿಸಲೆಂದೂ ಬೇಡ, ನನಗೂ ಬೇಡ. ಸಮಯ, ನಂಬರು, ಗ್ರೂಪಿನ ಹೆಸರು, ಲಿಂಕ್ ಇದ್ದರೆ ಲಿಂಕ್ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಳಿಸುವ ಮೊದಲು ಪೋರ್ಟಲಿಗೋ ಪೊಲೀಸರಿಗೋ ತಿಳಿಸಿ, ಅವರು ಹೇಳಿದಂತೆ ನಡೆದುಕೊಳ್ಳಿ. ವಾಟ್ಸಾಪಿನಲ್ಲೂ ರಿಪೋರ್ಟ್ ಮಾಡಿ.

ಆದ ಮೇಲೆ: ಆ ಮಗುವಿಗಾಗಿ ಐದು ನಿಮಿಷ ಮೈತ್ರಿ ಭಾವನೆ ಮಾಡಿ. ನಾನು ಮಾಡಿದಂತೆ ಅದನ್ನು ದೂರಿನ ಬದಲಿಗೆ ಮಾಡಬೇಡಿ.

ಸಂಗಾತಿಗಳ ಮುಂದೆ ನನ್ನ ಎರಡು ದಿನಗಳನ್ನು ಒಪ್ಪಿಕೊಂಡಿದ್ದೇನೆ. ಮುಂದೆ ಸಂಯಮದಿಂದಿರುತ್ತೇನೆ. ಈ ಬರಹವನ್ನು ಬೇಕಾದರೆ ನಿಮ್ಮ ಮನೆಯ ಗ್ರೂಪುಗಳಿಗೆ ಕಳಿಸಿ. ಇದು ಫಾರ್ವರ್ಡ್ ಮಾಡಬಹುದಾದದ್ದು.

ಎಲ್ಲ ಮಕ್ಕಳೂ ಭಯವಿಲ್ಲದೆ ಇರಲಿ. ಸರ್ವರಿಗೂ ಮಂಗಳವಾಗಲಿ.

ಸಾಧು, ಸಾಧು, ಸಾಧು 🙏